ಫೋನಿನಲ್ಲಿ ಸಿಇಟಿ ಪಾಠ

"ಅತ್ತೆ, ನಿಮಗೊಂದು ಹೊಸ ವಸ್ತು ತೋರಿಸ್ತೀನಿ" ಎನ್ನುತ್ತಾ ಒಂದು ಭಾನುವಾರ ನನ್ನ ಅಣ್ಣನ ಮಗ ಹರಿಹರದ ನಮ್ಮ ಮನೆಗೆ ಬಂದ. ಅವನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಗೆಳೆಯರ ಜೊತೆ ಸೇರಿ ಸಿಇಟಿ ಅಭ್ಯಾಸಕ್ಕೆಂದು ಒಂದು ಮೊಬೈಲ್ ಆಪ್ ಮಾಡಿದ್ದನಂತೆ. ನನ್ನ ಮಗಳು ಎರಡನೇ ಪಿಯುಸಿ, ವಿಜ್ಞಾನ. ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿಬರುವ ಹುಡುಗಿ. ದೊಡ್ಡ ಕೋಚಿಂಗಿಗೆ ಕಳಿಸುವಷ್ಟು ಅನುಕೂಲ ನಮಗಿಲ್ಲ. ಒಳ್ಳೆಯದೇ ಆಯಿತೆಂದು ನನ್ನ ಫೋನಿಗೆ ಹಾಕಿಸಿಕೊಂಡೆ.

ನಾಲ್ಕೇ ದಿನ! ಐದನೆಯ ದಿನ ಮಗಳು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, "ನನಗೆ ಬೇಡಮ್ಮ, ನಾನು ದಡ್ಡಿ" ಎಂದು ಊಟವನ್ನೂ ಮಾಡದೆ ಮಲಗಿಬಿಟ್ಟಳು. ಎಸ್‌ಎಸ್‌ಎಲ್‌ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ತರಗತಿಗೇ ಮೊದಲು ಬರುತ್ತಿದ್ದವಳ ಬಾಯಲ್ಲಿ ಈ ಮಾತೇ? ನನ್ನ ಕರುಳು ಚುರ್ ಎಂದಿತು.

ಅಂದು ರಾತ್ರಿ ನಾನೇ ಫೋನು ಹಿಡಿದು ಕೂತೆ. ಹೈಸ್ಕೂಲು ಓದಿದ ನನಗೆ ಆ ಪ್ರಶ್ನೆಗಳೇನು ಗೊತ್ತಾಗಬೇಕು? ಸುಮ್ಮನೆ ಒಂದನ್ನು ಒತ್ತಿದೆ. ದೊಡ್ಡದೊಂದು ಕೆಂಪು ಗುರುತು, ಕರ್ಕಶವಾದ ಸದ್ದು, ಕೆಳಗೆ "ನಿಮ್ಮ ಸ್ಥಾನ ಕೊನೆಯದು" ಎಂಬ ಬರಹ! ಯಾಕೆ ತಪ್ಪಾಯಿತೆಂದು ಹೇಳುವ ಒಂದು ಸಾಲೂ ಇಲ್ಲ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲೇ.

ಮುಂದಿನ ಭಾನುವಾರ ಅವನು ಬಂದಾಗ ಮಂಡಕ್ಕಿ, ಮಿರ್ಚಿ ಮುಂದಿಟ್ಟು ಕೇಳಿಯೇಬಿಟ್ಟೆ: "ಅಲ್ಲಪ್ಪಾ, ಅಕ್ಕಿ ಆರಿಸುವಾಗ ಕಲ್ಲು ಸಿಕ್ಕಿದರೆ ಅಲ್ಲೇ ಇನ್ನೊಂದು ಸಲ ಕೈಯಾಡಿಸ್ತೀವಿ. ಮೊರ ಎತ್ತಿ ಬೀದಿಗೆಲ್ಲ ತೋರಿಸ್ತೀವೇನು?"

"ಪೈಪೋಟಿ ಇದ್ದರೆ ತಾನೇ ಅತ್ತೆ ಓದೋದು?" ಎಂದ.

"ಗೆಲ್ಲೋರಿಗೆ ಸರಿ. ಸೋತವರು ನಿನ್ನ ಆಪನ್ನೇ ಮುಚ್ಚಿಡ್ತಾರೆ. ಕಲೀಬೇಕಾದವರು ಅವರೇ ಅಲ್ಲವೇನೋ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಮೂವರೂ ಕಾಗದ ಪೆನ್ಸಿಲ್ ಹಿಡಿದು ಕೂತೆವು. ಸ್ಥಾನದ ಪಟ್ಟಿ ತೆಗೆದ. "ಗೊತ್ತಿಲ್ಲ" ಎಂಬ ಗುಂಡಿ ಸೇರಿಸಿದ. ತಪ್ಪಾದ ಪ್ರಶ್ನೆಗೆ ಕನ್ನಡದಲ್ಲಿ ವಿವರಣೆ. ಅದೇ ಪ್ರಶ್ನೆ ಮರುದಿನ, ಮೂರು ದಿನದ ಮೇಲೆ, ವಾರದ ಮೇಲೆ ತಿರುಗಿ ಬರಬೇಕು. "ಬಸ್ಸಿನಲ್ಲಿ ನೆಟ್‌ವರ್ಕ್ ಸಿಗಲ್ಲ, ಮೊದಲೇ ಇಳಿಸಿಕೊಳ್ಳುವ ಹಾಗಿರಲಿ" ಎಂದಳು ಮಗಳು.

ಇದರಲ್ಲಿ ಶಾಸ್ತ್ರವೂ ಇದೆ ಎಂದು ಅವನೇ ಹೇಳಿದ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರಂತೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಆದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಒಂದು ವಾರದ ನಂತರ ಮುಂದಿದ್ದರು!

ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿದ್ದರೆ, ಸೋದರಿಯರೇ, ಈ ಕೆಲವು ಮಾತು ನೆನಪಿಡಿ:

1. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ಮೊದಲು ತಿಳಿದು ಮಾಡಲಿ, ಗಡಿಯಾರ ಆಮೇಲೆ.

2. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ; ಯಾವುದನ್ನೂ ಖಾಲಿ ಬಿಡಬಾರದು. ವೈದ್ಯಕೀಯದ ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ. ಆಪ್ ಈ ವ್ಯತ್ಯಾಸ ಪಾಲಿಸುತ್ತದೆಯೇ ನೋಡಿ.

3. ಪ್ರಶ್ನೆಗಳು ಈಗಿನ ಪಠ್ಯದವೇ ಎಂದು ಉಪನ್ಯಾಸಕರನ್ನು ಕೇಳಿ. 2024ರ ಸಿಇಟಿಯಲ್ಲೇ ಪಠ್ಯದ ಹೊರಗಿನವು ಬಂದು, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಡಬೇಕಾಯಿತು.

4. ಹಣ ಕಟ್ಟಲು ಅವಸರ ಬೇಡ. 2020ರ ಲಾಕ್‌ಡೌನ್ ಕಾಲದಲ್ಲಿ ರಾಜ್ಯ ಸರ್ಕಾರ 'ಗೆಟ್ ಸಿಇಟಿ ಗೋ' ಎಂದೂ, ಕೇಂದ್ರದ ಪರೀಕ್ಷಾ ಸಂಸ್ಥೆ 'ನ್ಯಾಷನಲ್ ಟೆಸ್ಟ್ ಅಭ್ಯಾಸ್' ಎಂದೂ ಉಚಿತವಾಗಿಯೇ ತಂದಿದ್ದವು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಸಿಕ್ಕರೆ ಕಾಗದದ ಮೇಲೂ ಮಾಡಿಸಿ. ಸಿಇಟಿ ಬರೆಯುವುದು ಕಾಗದದ ಮೇಲೆಯೇ.

5. ಫೋನಿಗೆ ಹೊತ್ತು ಗೊತ್ತುಮಾಡಿ. ನಮ್ಮಲ್ಲಿ ಸಂಜೆ ಅರ್ಧ ಗಂಟೆ, ಅಡಿಗೆಮನೆಯ ಬಾಗಿಲಲ್ಲಿ ನನ್ನ ಕಣ್ಣೆದುರಿಗೇ.

ಪರೀಕ್ಷೆ ಇನ್ನೂ ಮುಂದಿದೆ. ರ‍್ಯಾಂಕು ಎಷ್ಟು ಬರುತ್ತದೋ ದೇವರೇ ಬಲ್ಲ. ಆದರೆ ಮೊನ್ನೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಮಗಳು, "ಅಮ್ಮಾ, ಹೋದ ವಾರ ತಪ್ಪಿದ್ದು ಇವತ್ತು ಬಂತು ನೋಡು!" ಎಂದು ಕೂಗಿದಳು. ಇನ್ನೊಂದು ಪ್ರಶ್ನೆಗೆ ನಗುನಗುತ್ತಲೇ "ಗೊತ್ತಿಲ್ಲ" ಒತ್ತಿದಳು. ಗೊತ್ತಿಲ್ಲ ಎನ್ನಲು ಹೆದರದ ಮಗು ನಾಳೆ ಕಲಿತೇ ಕಲಿಯುತ್ತದೆ. ನನಗೆ ಸದ್ಯಕ್ಕೆ ಅಷ್ಟು ಸಾಕು.