ಡಾಲರ್ ಬದಲಿಸುವ ಮುನ್ನ ಕೇಳಬೇಕಾದ ಒಂದೇ ಪ್ರಶ್ನೆ

ಹೊರನಾಡಿನಲ್ಲಿರುವ ನಮಗೆ ಊರಿನಿಂದ ಬರುವ ಕೋರಿಕೆಗಳಲ್ಲಿ ಇದೂ ಒಂದು. ಅಮೆರಿಕದ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ದೊಡ್ಡಮ್ಮನ ಬಳಿ ಒಂದಷ್ಟು ಡಾಲರ್ ಉಳಿದಿರುತ್ತದೆ. ದುಬೈಯಿಂದ ರಜೆಗೆ ಬಂದ ಭಾವನ ಜೇಬಿನಲ್ಲಿ ದಿರ್ಹಾಂ ಇರುತ್ತದೆ. "ನೀವು ಮುಂಬೈಯಲ್ಲಿದ್ದೀರಲ್ಲ, ಅಲ್ಲಿ ರೇಟು ಚೆನ್ನಾಗಿ ಸಿಗುತ್ತದಂತೆ, ಸ್ವಲ್ಪ ವಿಚಾರಿಸಿ" ಎಂದು ಫೋನ್ ಬರುತ್ತದೆ. ಪುಣೆ, ಹೈದರಾಬಾದ್, ಚೆನ್ನೈಗಳ ಐಟಿ ಕಂಪನಿಗಳಲ್ಲಿ ದುಡಿಯುವವರ ಮನೆಯ ಕಪಾಟಿನಲ್ಲೂ ಆನ್‌ಸೈಟ್ ಮುಗಿಸಿ ಬಂದಾಗ ಉಳಿದ ಯೂರೋ, ಪೌಂಡ್ ಕುಳಿತಿರುತ್ತವೆ.

ದೊಡ್ಡ ಊರಿನಲ್ಲಿ ರೇಟು ಚೆನ್ನಾಗಿರುತ್ತದೆ ಎಂಬುದು ಅರ್ಧ ಸತ್ಯ. ನೋಟು ಬದಲಿಸುವ ದರವನ್ನು ಊರು ನಿಗದಿ ಮಾಡುವುದಿಲ್ಲ. ರಿಸರ್ವ್ ಬ್ಯಾಂಕೂ ಮಾಡುವುದಿಲ್ಲ. ಪರವಾನಗಿ ಪಡೆದ ಬ್ಯಾಂಕು ಮತ್ತು ಮನಿ ಚೇಂಜರ್‌ಗಳು ಮಾರುಕಟ್ಟೆಗೆ ಹೊಂದುವಂತೆ ತಾವೇ ದರ ಹಾಕಿಕೊಳ್ಳುತ್ತಾರೆ. ಹಾಗಾಗಿ ಒಂದೇ ದಿನ, ಒಂದೇ ರಸ್ತೆಯ ಎರಡು ಕೌಂಟರ್‌ಗಳಲ್ಲಿ ಬೇರೆ ಬೇರೆ ದರ ಸಿಗಬಹುದು. ನ್ಯಾಯವಾದ ದರ ಯಾವುದು ಎಂದು ತಿಳಿಯಲು ಅದೃಷ್ಟವೂ ಬೇಡ, ಚೌಕಾಸಿಯ ಜಾಣತನವೂ ಬೇಡ. "ಎಲ್ಲ ಕಳೆದು ಕೈಗೆ ಎಷ್ಟು ರೂಪಾಯಿ ಬರುತ್ತದೆ?" ಎಂದು ಕೇಳಿದರೆ ಸಾಕು. ಬಂದ ಉತ್ತರವನ್ನು ತೂಗಿ ನೋಡಲು ಒಂದು ಅಳತೆಗೋಲು ಮಾತ್ರ ಬೇಕು.

ಮೊದಲು ನಡುವಿನ ದರ

ಆ ಅಳತೆಗೋಲು ನಡುವಿನ ದರ. ಅಂದರೆ ಬ್ಯಾಂಕುಗಳು ತಮ್ಮೊಳಗೆ ವ್ಯವಹರಿಸುವಾಗಿನ ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಗಳ ಮಧ್ಯದ ಅಂಕಿ. ಇಂಟರ್‌ನೆಟ್‌ನಲ್ಲಿ ಡಾಲರ್ ಬೆಲೆ ಹುಡುಕಿದಾಗ ಸಾಮಾನ್ಯವಾಗಿ ಕಾಣುವುದು ಇದೇ. ನಮ್ಮ ದೇಶದಲ್ಲಿ ಅಧಿಕೃತ ಉಲ್ಲೇಖ ದರವನ್ನು 2018ರ ಜುಲೈನಿಂದ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆ ಪ್ರಕಟಿಸುತ್ತಿದೆ. ಡಾಲರ್, ಯೂರೋ, ಪೌಂಡ್, ಯೆನ್ ಮೊದಲಾದವುಗಳ ದರ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಅದರ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಈ ದರದಲ್ಲಿ ಯಾರೂ ನಮಗೆ ನೋಟು ಬದಲಿಸಿಕೊಡುವುದಿಲ್ಲ. ಕೊಡಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ನೋಟು ಎಂದರೆ ಸರಕು. ಅದನ್ನು ಪರೀಕ್ಷಿಸಬೇಕು, ಭದ್ರವಾಗಿ ಇಡಬೇಕು, ಸಾಗಿಸಬೇಕು, ಅಷ್ಟರಲ್ಲಿ ಬೆಲೆ ಇಳಿದರೆ ನಷ್ಟ ಹೊರಬೇಕು. ಅಂಗಡಿಯವನಿಗೂ ಬಾಡಿಗೆ, ಸಂಬಳದ ಖರ್ಚಿದೆ. ಗಲ್ಫ್‌ನಲ್ಲಿ ದುಡಿಯುವವರು ನೋಟು ಹೊತ್ತು ತರುವುದಕ್ಕಿಂತ ಅಲ್ಲಿಂದಲೇ ಖಾತೆಗೆ ಹಣ ಕಳಿಸಿದಾಗ ಸಾಮಾನ್ಯವಾಗಿ ಹೆಚ್ಚು ರೂಪಾಯಿ ಸಿಗುವುದು ಈ ಕಾರಣಕ್ಕೇ. ಅಂಗಡಿಯವನು ಲಾಭ ಇಟ್ಟುಕೊಳ್ಳುವುದು ಸಹಜ. ಅದು ಎಷ್ಟು ಎಂಬುದನ್ನು ನೋಡಿಕೊಳ್ಳುವ ಕೆಲಸ ನಮ್ಮದು.

ದಿರ್ಹಾಂ, ರಿಯಾಲ್ ಇಟ್ಟುಕೊಂಡವರಿಗೆ ಒಂದು ಸುಲಭ ಲೆಕ್ಕ ಇದೆ. ಹಲವು ಗಲ್ಫ್ ದೇಶಗಳ ಹಣ ಡಾಲರಿಗೆ ಕಟ್ಟಿಹಾಕಿದಂತಿದೆ. ಒಂದು ಡಾಲರಿಗೆ ಯುಎಇಯ 3.6725 ದಿರ್ಹಾಂ, ಸೌದಿಯ 3.75 ರಿಯಾಲ್, ಕತಾರಿನ 3.64 ರಿಯಾಲ್. ಡಾಲರ್ ಬೆಲೆಯನ್ನು ಈ ಅಂಕಿಯಿಂದ ಭಾಗಿಸಿದರೆ ನಡುವಿನ ದರ ಸಿಕ್ಕಿತು. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಆಗ ದಿರ್ಹಾಂ ಸುಮಾರು 24 ರೂಪಾಯಿ 50 ಪೈಸೆ, ಸೌದಿ ರಿಯಾಲ್ ಸರಿಯಾಗಿ 24 ರೂಪಾಯಿ, ಕತಾರ್ ರಿಯಾಲ್ ಸುಮಾರು 24 ರೂಪಾಯಿ 73 ಪೈಸೆ. ಕೌಂಟರ್‌ನಲ್ಲಿ ದಿರ್ಹಾಮಿಗೆ 22 ರೂಪಾಯಿ ಎಂದರೆ ನೂರಕ್ಕೆ ಹತ್ತು ಹೋಯಿತು ಎಂದು ಅಲ್ಲೇ ಗೊತ್ತಾಗುತ್ತದೆ. ಕುವೈತ್ ದಿನಾರಿಗೆ ಮಾತ್ರ ಈ ಸೂತ್ರ ನಡೆಯುವುದಿಲ್ಲ. ಅದನ್ನು 2007ರಿಂದ ಹಲವು ಕರೆನ್ಸಿಗಳ ಗುಂಪಿಗೆ ಜೋಡಿಸಲಾಗಿದೆ.

'ಕಮಿಷನ್ ಇಲ್ಲ' ಬೋರ್ಡಿನ ಹಿಂದೆ

ಕೌಂಟರ್‌ನಲ್ಲಿ ನಮ್ಮಿಂದ ಹಣ ಹೋಗುವ ದಾರಿ ಮೂರು: ದರದಲ್ಲೇ ಅಡಗಿರುವ ಅಂತರ, ಸೇವಾ ಶುಲ್ಕ, ಜಿಎಸ್‌ಟಿ. ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಎರಡನೆಯದು ಇಲ್ಲ ಎಂಬ ಮಾತು. ದೊಡ್ಡ ಮೊತ್ತ ಸೋರುವುದು ಮೊದಲನೆಯದರಲ್ಲಿ.

1,000 ಡಾಲರ್ ಬದಲಿಸಬೇಕು, ನಡುವಿನ ದರ 90 ಎಂದೇ ಇಟ್ಟುಕೊಳ್ಳೋಣ. ಮೊದಲ ಕೌಂಟರ್ ಕಮಿಷನ್ ಇಲ್ಲ ಎಂದು ಹೇಳಿ ಡಾಲರಿಗೆ 84 ರೂಪಾಯಿ ಕೊಡುತ್ತದೆ. ಎರಡನೆಯದು 89 ಕೊಟ್ಟು 200 ರೂಪಾಯಿ ಶುಲ್ಕ ಹಿಡಿಯುತ್ತದೆ. ಕರೆನ್ಸಿ ವಿನಿಮಯದ ಜಿಎಸ್‌ಟಿಯನ್ನು ಪೂರ್ತಿ ಮೊತ್ತದ ಮೇಲೆ ಹಾಕುವುದಿಲ್ಲ. ಬಹಳ ಕಡೆ ಅನುಸರಿಸುವ ಪದ್ಧತಿಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಮೊತ್ತದ ಶೇ 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯ ಎಂದು ಪರಿಗಣಿಸಿ ಅದರ ಮೇಲೆ ಶೇ 18 ತೆರಿಗೆ ಹಾಕುತ್ತಾರೆ. ಮೊದಲ ಕೌಂಟರ್‌ನಲ್ಲಿ 84,000ದಿಂದ ತೆರಿಗೆ 151 ರೂಪಾಯಿ ಕಳೆದರೆ ಕೈಗೆ ಬರುವುದು 83,849. ಎರಡನೆಯದರಲ್ಲಿ 89,000ದಿಂದ ಶುಲ್ಕ 200, ಶುಲ್ಕದ ಮೇಲಿನ ತೆರಿಗೆ 36, ವಿನಿಮಯದ ತೆರಿಗೆ 160 ಕಳೆದರೆ 88,604. ಶುಲ್ಕ ಕೊಟ್ಟವರಿಗೆ 4,755 ರೂಪಾಯಿ ಹೆಚ್ಚು ಸಿಕ್ಕಿತು.

ತೆರಿಗೆಯ ಕನಿಷ್ಠ ಮೊತ್ತ 45 ರೂಪಾಯಿ ಎಂಬುದೂ ನೆನಪಿರಲಿ. 25,000 ರೂಪಾಯಿ ಒಳಗಿನ ಯಾವುದೇ ವ್ಯವಹಾರಕ್ಕೆ ಅಷ್ಟು ಕೊಡಲೇಬೇಕು. 50 ಡಾಲರಿನಂತೆ ನಾಲ್ಕು ಸಲ ಬದಲಿಸಿದರೆ 180 ರೂಪಾಯಿ, ಒಟ್ಟಿಗೆ 200 ಡಾಲರ್ ಬದಲಿಸಿದರೆ 45 ಮಾತ್ರ.

ವಿಮಾನ ನಿಲ್ದಾಣದ ಅವಸರ

ದರದ ಅಂತರ ಸಾಮಾನ್ಯವಾಗಿ ಹೆಚ್ಚಿರುವುದು ವಿಮಾನ ನಿಲ್ದಾಣಗಳಲ್ಲಿ. ಅಲ್ಲಿ ಜಾಗದ ಬಾಡಿಗೆ ಜಾಸ್ತಿ. ರಾತ್ರಿ ಎರಡು ಗಂಟೆಗೆ ಸೂಟ್‌ಕೇಸ್ ಹಿಡಿದು ನಿಂತವರಿಗೆ ಬೇರೆ ಅಂಗಡಿಗೆ ಹೋಗಿ ವಿಚಾರಿಸುವ ಅವಕಾಶವೂ ಇಲ್ಲ. ಆದರೆ ಇಲ್ಲಿಯೇ ವಾಸಿಸುವವರಿಗೆ ಅಂಥ ಅವಸರ ಏನಿದೆ? ಟ್ಯಾಕ್ಸಿಗೆ ಯುಪಿಐ ಇದೆ, ಎಟಿಎಂ ಕಾರ್ಡ್ ಇದೆ. ಪ್ರವಾಸ ಮುಗಿಸಿ ಬಂದ ಭಾರತದ ನಿವಾಸಿಗಳು ಉಳಿದ ವಿದೇಶಿ ನೋಟನ್ನು ಹಿಂದಿರುಗಿಸಲು ಕಾನೂನು 180 ದಿನ ಕೊಟ್ಟಿದೆ. ವಿದೇಶದಿಂದ ಬರುವ ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಹೇಳಿಟ್ಟರೆ ಅವರು ನೆಮ್ಮದಿಯಿಂದ ಮನೆಗೆ ಬಂದು, ವಾರದ ಬಳಿಕ ನಾಲ್ಕು ಕಡೆ ಕೇಳಿ ಬದಲಿಸಬಹುದು. ಬರುವಾಗ ನೋಟುಗಳೇ 5,000 ಡಾಲರ್ ಮೌಲ್ಯ ಮೀರಿದ್ದರೆ ಮಾತ್ರ ಕಸ್ಟಮ್ಸ್‌ನಲ್ಲಿ ಘೋಷಣಾ ಪತ್ರ ಕೊಡಬೇಕು.

ನಗರದ ಒಳಗೆ ಹಲವು ಮನಿ ಚೇಂಜರ್‌ಗಳು ಹತ್ತಿರ ಹತ್ತಿರ ಇರುವ ಕಡೆ ಪೈಪೋಟಿಯಿಂದ ದರ ಸುಧಾರಿಸುತ್ತದೆ. ಮುಂಬೈನ ಫೋರ್ಟ್, ದೆಹಲಿಯ ಕನಾಟ್ ಪ್ಲೇಸ್ ಅಂಥ ಜಾಗಗಳು. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವುದರಿಂದ ಸೋಮವಾರದ ಏರಿಳಿತಕ್ಕೆ ಹೆದರಿ ಅಂಗಡಿಯವರು ಅಂತರ ಹಿಗ್ಗಿಸುವುದುಂಟು. ಸಾಧ್ಯವಾದರೆ ವಾರದ ನಡುವೆ ಹೋಗಿ.

ಬದಲಿಸದೇ ಇರುವುದೂ ಲಾಭ

ಪದೇ ಪದೇ ವಿದೇಶಕ್ಕೆ ಹೋಗುವವರು ಬಂದ ಕೂಡಲೇ ಡಾಲರ್ ಮಾರುತ್ತಾರೆ, ಮೂರು ತಿಂಗಳಿಗೆ ಮತ್ತೆ ಕೊಳ್ಳುತ್ತಾರೆ. ಮಾರುವಾಗಲೂ ಅಂತರ, ಕೊಳ್ಳುವಾಗಲೂ ಅಂತರ, ಎರಡು ಸಲ ತೆರಿಗೆ. ನಿವಾಸಿಗಳು 2,000 ಡಾಲರ್ ಮೌಲ್ಯದವರೆಗಿನ ವಿದೇಶಿ ನೋಟನ್ನು ಮನೆಯಲ್ಲೇ ಇಟ್ಟುಕೊಳ್ಳಲು ನಿಯಮ ಅವಕಾಶ ಕೊಡುತ್ತದೆ. ಇನ್ನೂ ಹೆಚ್ಚಿದ್ದರೆ ಬ್ಯಾಂಕಿನಲ್ಲಿ ಆರ್‌ಎಫ್‌ಸಿ ಡೊಮೆಸ್ಟಿಕ್ ಎಂಬ ಖಾತೆ ತೆರೆದು ವಿದೇಶಿ ಹಣವಾಗಿಯೇ ಇಡಬಹುದು. ಬಡ್ಡಿ ಬರುವುದಿಲ್ಲ, ಆದರೆ ಮುಂದಿನ ಪ್ರವಾಸಕ್ಕೆ ಮತ್ತೆ ಕೊಳ್ಳುವ ಖರ್ಚು ತಪ್ಪಬಹುದು.

ಹೋಗುವಾಗಲೂ ಎಲ್ಲವನ್ನೂ ನೋಟಿನಲ್ಲೇ ಒಯ್ಯಬೇಕಿಲ್ಲ. ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದ ನೋಟು ಮಾತ್ರ ಸಿಗುತ್ತದೆ, ಉಳಿದದ್ದು ಕಾರ್ಡಿನಲ್ಲಿ. ಅಲ್ಲಿ ಕಾರ್ಡ್ ಉಜ್ಜುವಾಗ "ರೂಪಾಯಿಯಲ್ಲಿ ಪಾವತಿಸುವಿರಾ, ಸ್ಥಳೀಯ ಹಣದಲ್ಲೋ" ಎಂದು ಯಂತ್ರ ಕೇಳಿದರೆ ಸ್ಥಳೀಯ ಹಣವನ್ನೇ ಒತ್ತಿ. ರೂಪಾಯಿ ಎಂದರೆ ಅಂಗಡಿಯವನ ಕಡೆಯ ಬ್ಯಾಂಕು ತನ್ನ ದರ ಹಾಕುತ್ತದೆ, ಅದು ಸಾಮಾನ್ಯವಾಗಿ ದುಬಾರಿ.

ಬಿಲ್ ಇಲ್ಲದ ಒಳ್ಳೆಯ ರೇಟು

ಈಗ ಸೂಕ್ಷ್ಮದ ವಿಷಯ. ನಮ್ಮ ಅಪಾರ್ಟ್‌ಮೆಂಟ್‌ಗಳ, ಕನ್ನಡ ಬಳಗಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಯಾರ ಬಳಿಯಾದರೂ 500 ಡಾಲರ್ ಇದೆಯಾ? ಗೂಗಲ್ ರೇಟಿಗೆ ತೆಗೆದುಕೊಳ್ಳುತ್ತೇನೆ" ಎಂಬ ಸಂದೇಶ ಬರುತ್ತಿರುತ್ತದೆ. ಕೊಡುವವರಿಗೂ ಲಾಭ, ಕೊಳ್ಳುವವರಿಗೂ ಲಾಭ, ಇಬ್ಬರೂ ಪರಿಚಯದವರು. ಮೋಸ ಯಾರದ್ದೂ ಇಲ್ಲ. ಆದರೂ ಇದು ಕಾನೂನಿಗೆ ವಿರುದ್ಧ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ 1999ರ ಫೆಮಾದ 3ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ, ಅಧಿಕೃತರಲ್ಲದವರ ಜೊತೆ ವಿದೇಶಿ ಹಣದ ವ್ಯವಹಾರ ಮಾಡುವಂತಿಲ್ಲ. ದಂಡ ಮೊತ್ತದ ಮೂರು ಪಟ್ಟಿನವರೆಗೆ ಇರಬಹುದು.

ರಸೀದಿ ಬೇಡವೆಂದರೆ ಡಾಲರಿಗೆ ಐವತ್ತು ಪೈಸೆ ಹೆಚ್ಚು ಕೊಡುವ ಅಂಗಡಿಯವನದ್ದೂ ಇದೇ ಕಥೆ. ಅವನಿಂದ ಖೋಟಾ ನೋಟು ಬಂದರೆ ಯಾರ ಬಳಿ ಹೋಗುವುದು? ಹಣ ಎಲ್ಲಿಂದ ಬಂತೆಂದು ನಾಳೆ ಕೇಳಿದರೆ ಏನು ತೋರಿಸುವುದು? 1,000 ಡಾಲರಿಗೆ ಐವತ್ತು ಪೈಸೆಯಂತೆ ಹೆಚ್ಚು ಸಿಗುವುದು 500 ರೂಪಾಯಿ. ಅದಕ್ಕಾಗಿ ಮೈಮೇಲೆ ಎಳೆದುಕೊಳ್ಳುವ ತಾಪತ್ರಯ ದೊಡ್ಡದು.

ಊರಿನ ನೆಂಟರ ನೋಟನ್ನು ನಮ್ಮ ಹೆಸರಲ್ಲಿ ಬದಲಿಸಿಕೊಡುವುದೂ ಇದೇ ಕಾರಣಕ್ಕೆ ಬೇಡ. ಅವರ ಹಣ ಅವರ ಪಾಸ್‌ಪೋರ್ಟ್, ಅವರ ಗುರುತಿನ ಚೀಟಿಯ ಮೇಲೆಯೇ ಬದಲಾಗಲಿ. ಮಂಗಳೂರು, ಹುಬ್ಬಳ್ಳಿ, ಮೈಸೂರುಗಳಲ್ಲೂ ಪರವಾನಗಿ ಇರುವ ಕೌಂಟರ್‌ಗಳಿವೆ. ನಾವು ಇಲ್ಲಿಂದ ಮಾಡಬಹುದಾದ ಸಹಾಯ ಬೇರೆ. ಆ ದಿನದ ನಡುವಿನ ದರ ನೋಡಿ, ಅಲ್ಲಿನ ಎರಡು ಮೂರು ಕಡೆಗೆ ಫೋನ್ ಮಾಡಿ, ಕೈಗೆ ಎಷ್ಟು ಬರಬೇಕು ಎಂಬ ಅಂಕಿಯನ್ನು ಅವರಿಗೆ ಬರೆದು ಕಳಿಸುವುದು.

ಕೌಂಟರ್ ಮುಂದೆ ನಿಂತಾಗ

ದರಪಟ್ಟಿಯನ್ನು ಕೌಂಟರ್ ಬಳಿ ಎಲ್ಲರಿಗೂ ಕಾಣುವಂತೆ ಹಾಕಬೇಕು, ಬೆಳಿಗ್ಗೆ 10.30ರ ಒಳಗೆ ಆ ದಿನದ ದರ ಬರೆಯಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಪರವಾನಗಿಯ ಪ್ರತಿಯನ್ನೂ ನೋಡಿ. ಪಟ್ಟಿಯಲ್ಲಿ ಎರಡು ಸಾಲು ಇರುತ್ತದೆ. 'ಬೈ' ಎಂದರೆ ಅವರು ಕೊಳ್ಳುವ ದರ, ನಾವು ನೋಟು ಮಾರುವಾಗ ಅನ್ವಯಿಸುವುದು ಅದು. ಹಲವರು 'ಸೆಲ್' ಸಾಲಿನ ದೊಡ್ಡ ಅಂಕಿ ನೋಡಿ ಹಿಗ್ಗುತ್ತಾರೆ.

ಸಣ್ಣ ಮುಖಬೆಲೆಯ, ಹಳೆಯ, ಹರಿದ, ಬರೆದ ನೋಟುಗಳಿಗೆ ಕಡಿಮೆ ಕೊಡುವುದುಂಟು, ಕೆಲವೊಮ್ಮೆ ತೆಗೆದುಕೊಳ್ಳುವುದೇ ಇಲ್ಲ. ಹಾಗಾಗಿ ಫೋನಿನಲ್ಲಿ ವಿಚಾರಿಸುವಾಗಲೇ ಯಾವ ನೋಟು ಎಷ್ಟಿದೆ ಎಂದು ಹೇಳಿ. ನಿವಾಸಿಗಳಿಗೆ ರೂಪಾಯಿಯನ್ನು ನಗದಾಗಿ ಕೊಡುವ ಮಿತಿ ಒಂದು ವ್ಯವಹಾರಕ್ಕೆ 1,000 ಡಾಲರ್ ಮೌಲ್ಯ, ಮೇಲಿನದ್ದು ಬ್ಯಾಂಕಿನ ಮೂಲಕವೇ. ವಿದೇಶಿ ನೋಟು ಕೊಳ್ಳುವಾಗ 50,000 ರೂಪಾಯಿಗಿಂತ ಹೆಚ್ಚು ನಗದು ಅವರು ತೆಗೆದುಕೊಳ್ಳುವಂತಿಲ್ಲ. ಮಾರಿದ ಮೇಲೆ ಎನ್‌ಕ್ಯಾಶ್‌ಮೆಂಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಹಣ ಎಣಿಸಿಕೊಂಡ ಮೇಲೆ ಕೈಗೆ ಬಂದ ರೂಪಾಯಿಯನ್ನು ಕೊಟ್ಟ ಡಾಲರ್‌ಗಳಿಂದ ಭಾಗಿಸಿ ನೋಡಿ. ನಿಮಗೆ ನಿಜವಾಗಿ ಸಿಕ್ಕ ದರ ಅದೇ. ನಡುವಿನ ದರಕ್ಕಿಂತ ನೂರಕ್ಕೆ ಒಂದೆರಡು ಕಡಿಮೆ ಇದ್ದರೆ ವ್ಯವಹಾರ ನ್ಯಾಯವಾಗಿದೆ. ಐದಾರು ಕಡಿಮೆ ಬರುತ್ತದೆ ಎಂದು ಎಣಿಸುವ ಮೊದಲೇ ಲೆಕ್ಕದಲ್ಲಿ ಕಂಡರೆ, ನೋಟನ್ನು ಜೇಬಿಗೆ ಹಾಕಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.