ಆಫೀಸು ಬದಲಾಗುವಾಗ ಹೃದಯ ಕಾಯುವವರು ಯಾರು?



ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರು ಇಂದು ನಾಲ್ಕು ಜನರಿಗೆ ಕೆಲಸ ಹೇಳುವ ಜಾಗದಲ್ಲಿದ್ದೀರಿ. ಬ್ಯಾಂಕ್ ಮ್ಯಾನೇಜರ್, ಕೆಮಿಕಲ್ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್, ಜವಳಿ ಘಟಕದ ಸೂಪರ್‌ವೈಸರ್, ಎಂಟು ಹುಡುಗರನ್ನಿಟ್ಟುಕೊಂಡು ಹೋಟೆಲು ನಡೆಸುವ ಮಾಲೀಕರು. ಇಂದಿನ ಮಾತು ನಿಮಗಾಗಿ.

ಈಚೆಗೆ ಐವತ್ತರ ಆಸುಪಾಸಿನ ಒಬ್ಬರು ನನ್ನ ಬಳಿ ಬಂದಿದ್ದರು. ಅವರ ಕಂಪನಿ ಬೇರೆಯವರ ಕೈಗೆ ಹೋಗಿ ಆರು ತಿಂಗಳಾಗಿತ್ತು. ಹೊಸ ಬಾಸ್, ಹೊಸ ಸಾಫ್ಟ್‌ವೇರ್, ಹೊಸ ಟಾರ್ಗೆಟ್. ಬಿ.ಪಿ. 170/100 ಇತ್ತು. "ಡಾಕ್ಟ್ರೇ, ಕೆಲಸ ಜಾಸ್ತಿ ಆಗಿದ್ದಕ್ಕೆ ಬೇಜಾರಿಲ್ಲ. ಮುಂದಿನ ತಿಂಗಳು ನಾನು ಎಲ್ಲಿರ್ತೀನಿ ಅಂತ ಯಾರೂ ಬಾಯಿ ಬಿಡ್ತಿಲ್ಲ, ಅದೇ ಸಂಕಟ" ಅಂದರು. ಪಕ್ಕದಲ್ಲಿದ್ದ ಹೆಂಡತಿ, "ರಾತ್ರಿ ಎರಡಕ್ಕೆ ಎದ್ದು ಕೂರ್ತಾರೆ" ಎಂದು ಸೇರಿಸಿದರು. ನಾನು ಮಾತ್ರೆ ಬರೆದುಕೊಟ್ಟೆ. ಆದರೆ ಅವರ ಸಂಕಟದ ಅರ್ಧ ಔಷಧ ನನ್ನ ಬಳಿ ಇರಲಿಲ್ಲ. ಅದು ಅವರ ಮೇಲಧಿಕಾರಿಯ ಬಳಿ ಇತ್ತು.

*ಹೃದಯಾಘಾತ ದೊಡ್ಡ ಸಾಹೇಬರ ಕಾಯಿಲೆಯೇ?*

ನಮ್ಮಲ್ಲಿ ಅನೇಕರು ಹಾಗೆಂದು ನಂಬಿದ್ದಾರೆ. ನಿಜ ಬೇರೆಯೇ ಇದೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ 'ವೈಟ್‌ಹಾಲ್' ಅಧ್ಯಯನದಲ್ಲಿ, ಹೃದಯ ಕಾಯಿಲೆಯಿಂದ ಸಾಯುವವರ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯ ನೌಕರರಲ್ಲಿ ಸುಮಾರು ಮೂರು ಪಟ್ಟು ಇತ್ತು. ಬೀಡಿ ಸಿಗರೇಟು, ಬಿ.ಪಿ., ಕೊಲೆಸ್ಟರಾಲ್ ಲೆಕ್ಕ ಹಾಕಿದರೂ ಪೂರ್ತಿ ವ್ಯತ್ಯಾಸಕ್ಕೆ ಕಾರಣ ಸಿಗಲಿಲ್ಲ. ಮುಂದಿನ ಅಧ್ಯಯನಗಳಲ್ಲಿ ಸಿಕ್ಕ ಒಂದು ಮುಖ್ಯ ಕಾರಣ: ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು.

ಫಿನ್ಲೆಂಡಿನದು ಇನ್ನೊಂದು ಪಾಠ. 1990ರ ದಶಕದ ಆರ್ಥಿಕ ಹಿಂಜರಿತದಲ್ಲಿ ಅಲ್ಲಿನ ಪುರಸಭೆಗಳು ಸಿಬ್ಬಂದಿ ಕಡಿತ ಮಾಡಿದವು. ಕಡಿತ ಹೆಚ್ಚಾಗಿದ್ದ ಕಡೆ, ಕೆಲಸದಲ್ಲಿ *ಉಳಿದವರಲ್ಲೇ* ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾದ ಸಾವು ಸುಮಾರು ಎರಡು ಪಟ್ಟು ಹೆಚ್ಚಿತ್ತು. ಕೆಲಸ ಉಳಿಯಿತಲ್ಲ, ಇನ್ನೇನು ಚಿಂತೆ ಎಂದು ನಾವು ಯಾರಿಗೆ ಹೇಳುತ್ತೇವೋ ಅವರೇ ಇವರು.

ಇದು ಹೇಗಾಗುತ್ತದೆ? ಅಪಾಯ ಕಂಡರೆ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಬಿಡುತ್ತದೆ. ನಾಡಿ ಓಡುತ್ತದೆ, ಬಿ.ಪಿ. ಏರುತ್ತದೆ. ಅಪಾಯ ಮುಗಿದರೆ ಎಲ್ಲ ಇಳಿಯುತ್ತದೆ. ಆದರೆ ಅನಿಶ್ಚಿತತೆಗೆ ಕೊನೆ ಎಂಬುದಿಲ್ಲ. ತಿಂಗಳುಗಟ್ಟಲೆ ದೇಹ ಕಾವಲು ನಿಂತೇ ಇರುತ್ತದೆ. ನಿದ್ದೆ ಕೆಡುತ್ತದೆ, ವಾಕಿಂಗ್ ನಿಲ್ಲುತ್ತದೆ, ಚಹಾ, ಫರಸಾಣ್, ಮಾವಾ ಹೆಚ್ಚಾಗುತ್ತವೆ. ರಕ್ತನಾಳಕ್ಕೆ ಎಲ್ಲ ಕಡೆಯಿಂದಲೂ ಪೆಟ್ಟು.

ಹಾಗಾದರೆ ಮುಂದೆ ನಿಂತವರು ಏನು ಮಾಡಬೇಕು? ನಾವಿರುವ ಮೂರು ಊರುಗಳ ಮೂರು ಉದಾಹರಣೆ ನೋಡೋಣ. ಇವು ಆಸ್ಪತ್ರೆಯ ಕಥೆಗಳಲ್ಲ, ಕೆಲಸದ ಕಥೆಗಳು. ಆದರೆ ಹೃದಯಕ್ಕೆ ಬೇಕಾದ ಪಾಠ ಇವುಗಳಲ್ಲೇ ಇದೆ.

*ವಡೋದರಾ: ಗೊತ್ತಿರುವುದನ್ನು ಹೇಳಿಬಿಡಿ*

1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರು ಕಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು, ದೇನಾ ಬ್ಯಾಂಕಿನ ಜೊತೆಗೆ, ವಡೋದರಾದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ನಮ್ಮ ಎಷ್ಟೋ ಮನೆಗಳಿಗೆ ಇದು ಮನೆಯ ಸುದ್ದಿಯೇ ಆಗಿತ್ತು. ಪ್ರಕಟಣೆ ಬಂದಿದ್ದು 2018ರ ಸೆಪ್ಟೆಂಬರಿನಲ್ಲಿ. ಶಾಖೆಗಳ ಕಂಪ್ಯೂಟರ್ ವ್ಯವಸ್ಥೆ ಪೂರ್ತಿ ಒಂದಾಗಿದ್ದು 2020ರ ಡಿಸೆಂಬರ್ ಹೊತ್ತಿಗೆ, ಅದೂ ಕೊರೊನಾದ ನಡುವೆ. ಅಂದರೆ ಎರಡು ವರ್ಷಕ್ಕೂ ಹೆಚ್ಚು. ಸೇವಾ ಷರತ್ತುಗಳಿಗೆ ಧಕ್ಕೆ ಇಲ್ಲ ಎಂದು ಸರ್ಕಾರ ಮೊದಲೇ ಹೇಳಿತ್ತು, ಅದು ಒಳ್ಳೆಯದೇ. ಆದರೆ ಯಾವುದೇ ವಿಲೀನದಲ್ಲಿ ನಿದ್ದೆ ಕೆಡಿಸುವುದು ಸಣ್ಣ ಪ್ರಶ್ನೆಗಳು: ಟ್ರಾನ್ಸ್‌ಫರ್ ಆಗುತ್ತದೆಯೇ? ಮಗಳ ಹತ್ತನೇ ಕ್ಲಾಸು ಇಲ್ಲೇ ಮುಗಿಯುತ್ತದೆಯೇ? ಇವಕ್ಕೆ ಉತ್ತರ ದೆಹಲಿಯಿಂದ ಬರುವುದಿಲ್ಲ. ಎದುರು ಕೂತ ಮ್ಯಾನೇಜರ್ ಹೇಳಬೇಕು. ಉತ್ತರ ಗೊತ್ತಿಲ್ಲದಿದ್ದರೆ, "ನನಗಿನ್ನೂ ಗೊತ್ತಿಲ್ಲ, ಶುಕ್ರವಾರ ಮತ್ತೆ ಹೇಳುತ್ತೇನೆ" ಅನ್ನಿ. ಶುಕ್ರವಾರ ತಪ್ಪದೆ ಹೇಳಿ.

*ಅಹಮದಾಬಾದ್: ಹಿಡಿತ ಬಿಟ್ಟುಕೊಡಿ*

1953ರ ಮಾತು. ಸಾರಾಭಾಯಿ ಕುಟುಂಬದ ಕ್ಯಾಲಿಕೋ ಮಿಲ್ಲಿನಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದಿದ್ದವು. ಯಂತ್ರ ಹೊಸದು, ಆದರೆ ಉತ್ಪಾದನೆ ಏರಲಿಲ್ಲ. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಬಂದು ನೋಡಿದರು. ಒಂದೇ ಶೆಡ್ಡಿನ ಕೆಲಸವನ್ನು 12 ಬಗೆಯಾಗಿ ಚೂರು ಮಾಡಲಾಗಿತ್ತು. ಯಾರಿಗೂ ಪೂರ್ತಿ ಕೆಲಸ ತನ್ನದು ಅನಿಸುತ್ತಿರಲಿಲ್ಲ. ಕೆಲವು ಮಗ್ಗಗಳ ಪೂರ್ತಿ ಹೊಣೆಯನ್ನು ಒಂದು ಸಣ್ಣ ತಂಡಕ್ಕೆ ಕೊಟ್ಟರೆ ಹೇಗೆ ಎಂದು ಅವರು ಕೇಳಿದರು. ಕಾರ್ಮಿಕರು ಮತ್ತು ಸೂಪರ್‌ವೈಸರ್‌ಗಳು ಆ ಯೋಚನೆಯನ್ನು ಕೂಡಲೇ ತಮ್ಮದಾಗಿಸಿಕೊಂಡು, ತಾವೇ ತಂಡ ಕಟ್ಟಿಕೊಂಡರು. ಮೊದಲು ಸ್ವಲ್ಪ ಎಡವಿದರೂ ಆಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಟಾರ್ಗೆಟ್ ನಿಮ್ಮ ಕೈಯಲ್ಲಿ ಇರಲಿಕ್ಕಿಲ್ಲ. ಆದರೆ ಯಾರು ಯಾವ ಶಿಫ್ಟು, ಯಾವ ಕೆಲಸ ಮೊದಲು ಎಂಬುದನ್ನು ನಿಮ್ಮ ತಂಡವೇ ತೀರ್ಮಾನಿಸಲಿ.

*ಸೂರತ್: ಜೊತೆಗೆ ನಿಲ್ಲಿ*

1994ರ ಸೆಪ್ಟೆಂಬರಿನಲ್ಲಿ ಪ್ಲೇಗ್ ಭಯಕ್ಕೆ ಲಕ್ಷಾಂತರ ಜನ ಸೂರತ್ ಬಿಟ್ಟು ಓಡಿದ್ದರು. 1995ರ ಮೇ ತಿಂಗಳಲ್ಲಿ ಎಸ್.ಆರ್. ರಾವ್ ಮಹಾನಗರಪಾಲಿಕೆಯ ಕಮಿಷನರ್ ಆಗಿ ಬಂದರು. ಊರನ್ನು ಆರು ವಲಯ ಮಾಡಿ, ಪ್ರತಿ ವಲಯದ ಮುಖ್ಯಸ್ಥರಿಗೂ ಖರ್ಚಿನ ಮತ್ತು ತೀರ್ಮಾನದ ಅಧಿಕಾರ ಕೊಟ್ಟರು. ಬೆಳಗ್ಗೆ ಅಧಿಕಾರಿಗಳೆಲ್ಲ ಬೀದಿಯಲ್ಲಿ. ಮಧ್ಯಾಹ್ನ ಒಟ್ಟಿಗೆ ಕೂತು ಅಂದಿನ ತೊಡಕಿಗೆ ಅಂದೇ ಪರಿಹಾರ. ಕಮಿಷನರ್ ಕೂಡ ಬೀದಿಗಿಳಿದರು. ಅದೇ ನೌಕರರಿದ್ದ ಊರು ಎರಡೇ ವರ್ಷದಲ್ಲಿ ದೇಶದ ಅತ್ಯಂತ ಸ್ವಚ್ಛ ನಗರಗಳ ಸಾಲಿಗೆ ಬಂತು. ಒತ್ತಡ ಕಡಿಮೆ ಇತ್ತೆಂದಲ್ಲ. ಒತ್ತಡದ ಜೊತೆಗೆ ಅಧಿಕಾರವೂ ಆಸರೆಯೂ ಸಿಕ್ಕಿದ್ದವು.

*ನಾಳೆಯಿಂದಲೇ ಮಾಡಬಹುದಾದದ್ದು*

✅ ವಾರಕ್ಕೊಮ್ಮೆ, ಒಂದೇ ದಿನ, ಹದಿನೈದು ನಿಮಿಷ ತಂಡದ ಜೊತೆ ಕೂತು ಮಾತಾಡಿ. ಗಾಳಿಸುದ್ದಿಗೆ ಜಾಗ ಕೊಡಬೇಡಿ.

✅ ರಾತ್ರಿ ಊಟದ ಹೊತ್ತಿಗೆ ಆಫೀಸ್ ಗ್ರೂಪಿನಲ್ಲಿ ಮೆಸೇಜ್ ಹಾಕಬೇಡಿ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಅಪಾಯ 35%, ಹೃದಯ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ.

✅ ಊರಿನಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಎಂದು ರಜೆ ಕೇಳಿದವರನ್ನು ಸತಾಯಿಸಬೇಡಿ. ಮನೆಯಿಂದ ಸಾವಿರ ಕಿಲೋಮೀಟರ್ ದೂರ ಇರುವ ನೋವು ನಿಮಗೂ ಗೊತ್ತು.

✅ ಎದೆ ಹಿಡಿದಂತಾಗುವುದು, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಣ್ಣನೆ ಬೆವರು, ಏದುಸಿರು: ಯಾರಿಗೇ ಬಂದರೂ "ಗ್ಯಾಸ್ ಇರಬೇಕು" ಎಂದು ಕೂರಬೇಡಿ. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಬರೀ ಸುಸ್ತು, ವಾಕರಿಕೆ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಮಾಡಿಸಿ. ಸ್ವಂತ ಗಾಡಿ ಓಡಿಸಿಕೊಂಡು ಹೋಗಲು ಬಿಡಬೇಡಿ.

*ಕೊನೆಗೆ, ನಿಮ್ಮ ಹೃದಯ*

ಕ್ಯಾಲಿಕೋ ಮಿಲ್ಲಿನ ಮನೆತನದವರೇ ಆದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಮತ್ತು ಅಣುಶಕ್ತಿ ಎರಡರ ಹೊಣೆಯನ್ನೂ ಹೊತ್ತಿದ್ದಾಗ, 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು. ವಯಸ್ಸು 52. ಅವರ ಸಾವಿಗೆ ಕೆಲಸವೇ ಕಾರಣ ಎಂದು ನಾನು ಹೇಳುತ್ತಿಲ್ಲ. ನಾಲ್ಕು ಜನರ ಭಾರ ಹೊತ್ತವರು ತಮ್ಮ ದೇಹವನ್ನು ಮರೆಯುವುದು ಸುಲಭ ಎಂದಷ್ಟೇ ಹೇಳುತ್ತಿದ್ದೇನೆ. ಬದಲಾವಣೆಯ ಗಡಿಬಿಡಿಯಲ್ಲಿ ಬಿ.ಪಿ., ಶುಗರ್ ಮಾತ್ರೆ ತಪ್ಪಿಸಬೇಡಿ. ಮನೆಯಲ್ಲಿ ಬಿ.ಪಿ. ಮತ್ತೆ ಮತ್ತೆ 140/90 ದಾಟುತ್ತಿದ್ದರೆ ವೈದ್ಯರನ್ನು ಕಾಣಿ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ಮಾವಾ, ಸಿಗರೇಟು ಇಂದೇ ಬಿಡಿ.

ಅಂದು ಬಂದವರ ಬಿ.ಪಿ. ಈಗ ಹತೋಟಿಯಲ್ಲಿದೆ. ಮಾತ್ರೆ ಕೆಲಸ ಮಾಡಿತು. ಅವರ ಮೇಲಧಿಕಾರಿ ಒಂದು ದಿನ ಕರೆದು, ಮಾರ್ಚ್‌ವರೆಗೆ ನೀವು ಇಲ್ಲೇ ಎಂದು ಹೇಳಿದ್ದರಂತೆ, ಅದೂ ಕೆಲಸ ಮಾಡಿರಬೇಕು. ನಿಮ್ಮ ಒಂದು ಮಾತಿಗೆ ಕಾದು ನಿದ್ದೆಗೆಟ್ಟವರು ನಿಮ್ಮ ಆಫೀಸಿನಲ್ಲೂ ಇರಬಹುದು. ನಾಳೆ ಬೆಳಗ್ಗೆ ಮೊದಲು ಅವರನ್ನು ಕರೆದು ಮಾತಾಡಿ.

🙏 ಉಪಯೋಗ ಅನಿಸಿದರೆ ನಿಮ್ಮ ಬಳಗದ ಗ್ರೂಪಿಗೆ ಕಳುಹಿಸಿ. ಇದು ಸಾಮಾನ್ಯ ಮಾಹಿತಿ. ನಿಮ್ಮ ಔಷಧ, ತಪಾಸಣೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.