ಬಾಣಗಳ ಗೋಜಲು ಬಿಡಿಸುವ ಗಣಿತ

ಅಡಿಪಾಯ ಹಾಕದೆ ಗೋಡೆ ಏಳದು, ಗೋಡೆ ಏಳದೆ ತಾರಸಿ ಬಾರದು. ಹೀಗೆ ಒಂದರ ನಂತರ ಇನ್ನೊಂದು ಎಂಬ ಸಂಬಂಧಗಳನ್ನು ಚೌಕ ಮತ್ತು ಬಾಣಗಳಲ್ಲಿ ಬರೆದರೆ ಅದೇ ದಿಶಾಯುಕ್ತ ಗ್ರಾಫ್. ಐದಾರು ಚೌಕಗಳಿದ್ದರೆ ಕೈಯಲ್ಲೇ ಬರೆಯಬಹುದು. ದೊಡ್ಡದೊಂದು ತಂತ್ರಾಂಶದ ಯಾವ ಭಾಗ ಯಾವುದನ್ನು ನೆಚ್ಚಿಕೊಂಡಿದೆ ಎಂದು ತೋರಿಸಲು ನೂರಾರು ಚೌಕಗಳು ಬೇಕು. ಆಗ ಬಾಣಗಳು ಒಂದನ್ನೊಂದು ಅಡ್ಡಹಾಯ್ದು ಚಿತ್ರವೇ ಅರ್ಥವಾಗದು. ಗ್ರಾಫ್‌ವಿಜ್, ವೈಎಡ್‌ನಂಥ ತಂತ್ರಾಂಶಗಳು ಇಂಥ ಚಿತ್ರವನ್ನು ತಾವೇ ಒಪ್ಪವಾಗಿ ಜೋಡಿಸಿಕೊಡುತ್ತವೆ.

ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಿ ಉತ್ತಮವಾದದ್ದನ್ನು ಆರಿಸಬಾರದೇಕೆ? ಹತ್ತು ಚೌಕಗಳ ಒಂದು ಸಾಲನ್ನು 36,28,800 ಬಗೆಯಲ್ಲಿ ಜೋಡಿಸಬಹುದು. ಅಂಥ ಎರಡು ಸಾಲುಗಳಿದ್ದರೆ ಸಾಧ್ಯತೆಗಳು 13 ಲಕ್ಷ ಕೋಟಿ ದಾಟುತ್ತವೆ. ಅಡ್ಡಹಾಯುವಿಕೆಯನ್ನು ಕನಿಷ್ಠಕ್ಕೆ ಇಳಿಸುವ ಸಮಸ್ಯೆ ಗಣಕವಿಜ್ಞಾನದ ಅತಿ ಕಠಿಣ ಸಮಸ್ಯೆಗಳ ಗುಂಪಿಗೆ ಸೇರಿದ್ದೆಂದು ಮೈಕೆಲ್ ಗ್ಯಾರಿ ಮತ್ತು ಡೇವಿಡ್ ಜಾನ್ಸನ್ 1983ರಲ್ಲಿ ಸಾಧಿಸಿದರು.

ಅದಕ್ಕೂ ಮೊದಲೇ, 1981ರಲ್ಲಿ, ಜಪಾನಿನ ಕೊಜೊ ಸುಗಿಯಾಮ, ಶೋಜಿರೊ ತಗಾವ ಮತ್ತು ಮಿತ್ಸುಹಿಕೊ ತೋದ ಒಂದು ಜಾಣ ದಾರಿ ತೋರಿಸಿದ್ದರು. ಇಡೀ ಸಮಸ್ಯೆಯನ್ನು ಒಮ್ಮೆಗೇ ಬಿಡಿಸದೆ ಹಂತಹಂತವಾಗಿ ಬಿಡಿಸುವುದು ಆ ದಾರಿ. ಇಂದಿಗೂ ಬಳಕೆಯಲ್ಲಿರುವ ಅದರ ಕ್ರಮ ಹೀಗಿದೆ.

ಮೊದಲು, ಸುತ್ತಿ ಬಂದು ಹೊರಟಲ್ಲಿಗೇ ಸೇರುವ ಬಾಣಗಳಿದ್ದರೆ ಕೆಲವನ್ನು ತಾತ್ಕಾಲಿಕವಾಗಿ ತಿರುಗಿಸಲಾಗುತ್ತದೆ. ಕೊನೆಗೆ ಅವನ್ನು ಮೊದಲಿನ ದಿಕ್ಕಿಗೇ ತರಲಾಗುತ್ತದೆ. ಎರಡನೆಯದಾಗಿ, ಬಾಣಗಳೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುವಂತೆ ಚೌಕಗಳನ್ನು ಸಾಲುಗಳಲ್ಲಿ ಇಡಲಾಗುತ್ತದೆ. ಒಂದು ಬಾಣ ಮೂರು ಸಾಲು ದಾಟಿ ಹೋಗುವುದಿದ್ದರೆ, ನಡುವಿನ ಪ್ರತಿ ಸಾಲಿನಲ್ಲೂ ಕಣ್ಣಿಗೆ ಕಾಣದ ಹುಸಿ ಚೌಕವೊಂದನ್ನು ಇಟ್ಟು ಅದಕ್ಕೂ ಜಾಗ ಕಾದಿರಿಸಲಾಗುತ್ತದೆ.

ಮೂರನೆಯ ಹಂತವೇ ಈ ವಿಧಾನದ ಜೀವಾಳ. ಪ್ರತಿ ಚೌಕವೂ ಮೇಲಿನ ಸಾಲಿನಲ್ಲಿರುವ ತನ್ನ ನಂಟಿನ ಚೌಕಗಳ ಸರಾಸರಿ ಸ್ಥಾನಕ್ಕೆ ತಕ್ಕಂತೆ ಸರಿಯುತ್ತದೆ. ಮೇಲಿನ 1, 2 ಮತ್ತು 6ನೇ ಚೌಕಗಳಿಂದ ಬಾಣ ಪಡೆಯುವ ಚೌಕಕ್ಕೆ ಸಿಗುವ ಅಂಕ 3. ಅಂಕಗಳ ಏರಿಕೆಯ ಕ್ರಮದಲ್ಲಿ ಸಾಲನ್ನು ಜೋಡಿಸಿದರೆ ಬಹಳಷ್ಟು ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಳಕ್ಕೊಮ್ಮೆ, ಮೇಲಕ್ಕೊಮ್ಮೆ ಹೀಗೆ ಹಲವು ಸಲ ಸಾಗಿ, ಸಿಕ್ಕ ಉತ್ತಮ ಜೋಡಣೆಯನ್ನು ಉಳಿಸಿಕೊಳ್ಳಲಾಗುತ್ತದೆ. ಕೊನೆಯ ಹಂತದಲ್ಲಿ ಚೌಕಗಳ ನಿಖರ ಜಾಗ ಗೊತ್ತುಮಾಡಿ ಬಾಣಗಳನ್ನು ಎಳೆಯಲಾಗುತ್ತದೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಮ್ಡೆನ್ ಗ್ಯಾನ್ಸ್‌ನರ್, ಸ್ಟೀಫನ್ ನಾರ್ತ್ ಮತ್ತು ಸಂಗಡಿಗರು 1993ರ ಪ್ರಬಂಧದಲ್ಲಿ ಈ ಕ್ರಮವನ್ನು ಇನ್ನಷ್ಟು ಹದಗೊಳಿಸಿದರು. ಬಾಣಗಳ ಒಟ್ಟು ಉದ್ದ ಆದಷ್ಟು ಕಡಿಮೆಯಾಗುವಂತೆ ಸಾಲು ಗೊತ್ತುಮಾಡುವ, ನಯವಾದ ವಕ್ರರೇಖೆಗಳಲ್ಲಿ ಬಾಣ ಎಳೆಯುವ ವಿಧಾನಗಳನ್ನು ಅವರು ವಿವರಿಸಿದರು. ಗ್ರಾಫ್‌ವಿಜ್‌ನಲ್ಲಿ ಇಂಥ ಚಿತ್ರ ಜೋಡಿಸುವ 'ಡಾಟ್' ಎಂಬ ಭಾಗ ನಿಂತಿರುವುದು ಇದರ ಮೇಲೆಯೇ.

ಇಷ್ಟೆಲ್ಲ ಶ್ರಮ ಬರಿಯ ಅಂದಕ್ಕಲ್ಲ. ಸಂಶೋಧಕಿ ಹೆಲೆನ್ ಪರ್ಚೇಸ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರೀಕ್ಷಿಸಿದ ಗುಣಗಳ ಪೈಕಿ ಓದುಗರ ಗ್ರಹಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಗೆರೆಗಳ ಅಡ್ಡಹಾಯುವಿಕೆಯೇ. ಪರಿಪೂರ್ಣ ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ, ಓದಲು ಬರುವ ಚಿತ್ರ ಬೇಕು ಎಂಬ ವಿವೇಕ ಈ ವಿಧಾನದಲ್ಲಿದೆ.

ಗ್ರಾಫ್‌ವಿಜ್ ಉಚಿತವಾಗಿ ಸಿಗುತ್ತದೆ, ಹೆಸರುಗಳನ್ನು ಕನ್ನಡದಲ್ಲೂ ಬರೆಯಬಹುದು. ಯಾವುದರಿಂದ ಯಾವುದಕ್ಕೆ ಬಾಣ ಎಂದಷ್ಟೇ ಬರೆದುಕೊಡಿ, ಜೋಡಣೆಯನ್ನು ಅದಕ್ಕೆ ಬಿಡಿ. ಪಾಠ ಮಾಡುವವರು, ಯೋಜನೆ ರೂಪಿಸುವವರು ಒಮ್ಮೆ ಬಳಸಿ ನೋಡಲೇಬೇಕು.